ಅಂಕಪಟ್ಟಿಯ ಒಳಲೆಕ್ಕ

ಅಲ್ಲಾಳಸಂದ್ರದ ಹಿರಿಯರ ಮುಂದೆ ಎಸ್ಸೆಸ್ಸೆಲ್ಸಿ ಮಾತು ಬಂದರೆ ಕೇಳುವುದು ಎರಡೇ ಪ್ರಶ್ನೆ: ಪಾಸೋ ಫೇಲೋ? ಪಾಸಾಗಿದ್ದರೆ ಯಾವ ಕ್ಲಾಸು? ಶೇ. 60 ಬಂದರೆ ಫಸ್ಟ್ ಕ್ಲಾಸ್, 85 ಬಂದರೆ ಡಿಸ್ಟಿಂಕ್ಷನ್. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಬದಲಾದದ್ದು ಒಳಗಿನ ಹಂಚಿಕೆ.

ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ಸ್ಥಾಪನೆಯಾದ ಮೇಲೆ ದಶಕಗಳ ಕಾಲ ವರ್ಷದ ಓದೆಲ್ಲ ಪರೀಕ್ಷಾ ಕೊಠಡಿಯಲ್ಲೇ ತೀರ್ಮಾನವಾಗುತ್ತಿತ್ತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದು, 2014-15ರಿಂದ ಹತ್ತನೇ ತರಗತಿಯಲ್ಲಿ ಲಿಖಿತ ಪರೀಕ್ಷೆಗೆ 80, ಶಾಲೆಯ ಆಂತರಿಕ ಅಂಕಕ್ಕೆ 20 ಎಂದಾಯಿತು. ಪ್ರಥಮ ಭಾಷೆಗೆ 100 ಮತ್ತು 25. ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆ, ಕಿರುಪರೀಕ್ಷೆಗಳ ಅಂಕ ಕೂಡಿಸಿ ಆ 20ಕ್ಕೆ ಇಳಿಸುತ್ತಾರೆ. ಆಗ ಮೊತ್ತಕ್ಕೆ ಶ್ರೇಣಿ ಹೀಗಿತ್ತು: 563ರಿಂದ ಮೇಲೆ ಎ ಪ್ಲಸ್, 500ರಿಂದ ಎ, 438ರಿಂದ ಬಿ ಪ್ಲಸ್, 375ರಿಂದ ಬಿ, 313ರಿಂದ ಸಿ ಪ್ಲಸ್, 219ರಿಂದ ಸಿ.

ಪೋಷಕರು ಎಡವುತ್ತಿದ್ದುದು ಇಲ್ಲಿ. ಆಂತರಿಕದಲ್ಲಿ 20ಕ್ಕೆ 20 ಪಡೆದ ಮಗು ಲಿಖಿತದಲ್ಲಿ 27 ತೆಗೆದರೆ ಒಟ್ಟು 47. ಆದರೂ 2024-25ರವರೆಗಿನ ಆ ನಿಯಮದಂತೆ ಲಿಖಿತಕ್ಕೆ ಕನಿಷ್ಠ 28 ಬೇಕಿತ್ತು. ಕೃಪಾಂಕ ಸಿಗದಿದ್ದರೆ ಅನುತ್ತೀರ್ಣವಾಗುತ್ತಿತ್ತು. ಪಕ್ಕದ ಮಗು 28 ತೆಗೆದು, ಆಂತರಿಕದಲ್ಲಿ ಬರೀ 7 ಪಡೆದರೂ ಪಾಸಾಗುತ್ತಿತ್ತು. ವರ್ಷವಿಡೀ ಚಾರ್ಟು, ಯೋಜನಾ ವರದಿ ಎಂದು ದುಡಿದ ಮಗುವಿಗೆ ಇದನ್ನು ವಿವರಿಸುವುದು ಮೇಷ್ಟ್ರುಗಳಿಗೆ ಸುಲಭವಿರಲಿಲ್ಲ.

ಶಾಲೆಯ ಶೇಕಡಾವಾರು ಫಲಿತಾಂಶವನ್ನೂ ಎಚ್ಚರದಿಂದ ಓದಬೇಕು. 40 ಮಕ್ಕಳ ತರಗತಿಯಲ್ಲಿ ಒಬ್ಬರು ಉಳಿದರೆ ಶೇ. 2.5 ಕಡಿಮೆ, 200 ಮಕ್ಕಳಲ್ಲಿ ಒಬ್ಬರಾದರೆ ಅರ್ಧವಷ್ಟೇ. ಜಿಲ್ಲೆಗಳನ್ನು ಮೊದಲ ಸ್ಥಾನ, ಕೊನೆಯ ಸ್ಥಾನ ಎಂದು ಸಾಲಾಗಿ ನಿಲ್ಲಿಸುವ ಪದ್ಧತಿಯನ್ನು 2020ರಲ್ಲಿ ಬಿಟ್ಟು ಎ, ಬಿ, ಸಿ ಎಂದು ಗುಂಪು ಮಾಡಿದ್ದು ಒಳ್ಳೆಯದೇ ಆಗಿತ್ತು.

ವರ್ಷದಿಂದ ವರ್ಷಕ್ಕೆ ಹೋಲಿಸುವುದಂತೂ ಇನ್ನೂ ಕಷ್ಟ. ಕೊರೊನಾ ಕಾಲದ 2021ರಲ್ಲಿ ಜುಲೈ 19 ಮತ್ತು 22, ಎರಡೇ ದಿನ, ಬಹು ಆಯ್ಕೆ ಪ್ರಶ್ನೆಗಳು. ಹೆಚ್ಚುಕಡಿಮೆ ಎಲ್ಲರೂ ಪಾಸು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಹಾಗಾಗಿ ಹಳೆಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಯನ್ನು ಮಕ್ಕಳದರ ಪಕ್ಕ ಇಡುವ ಮೊದಲು ಮೇಲಿನ ಇಸವಿ ನೋಡಿಕೊಳ್ಳಲಿ.