ಬೂದಿಯೆಳೆಯುವ ಕಲ್ಲು: ಸಂವೇದಕ ವಸ್ತುಗಳ ಚರಿತ್ರೆಯಲ್ಲಿ ಒಂದು ಮರೆತ ಎಳೆ

ಒತ್ತಿದಾಗ, ಬಾಗಿಸಿದಾಗ ಇಲ್ಲವೆ ಕಾಯಿಸಿದಾಗ ವಿದ್ಯುದಂಶವನ್ನು ತೋರುವ ಕೆಲವು ವಸ್ತುಗಳಿವೆ. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ, ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್, ಮನುಷ್ಯ ಹತ್ತಿರ ಬಂದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪ ಇವೆಲ್ಲ ನಿಂತಿರುವುದು ಅಂಥ ವಸ್ತುಗಳ ಮೇಲೆ. ಇವುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1880ರ ಪ್ಯಾರಿಸ್ಸಿನಿಂದ, ಇಬ್ಬರು ಸಹೋದರರ ಪ್ರಯೋಗಾಲಯದಿಂದ ಆರಂಭಿಸುತ್ತಾರೆ. ಪ್ರಸ್ತುತ ಲೇಖನವು ಅದಕ್ಕಿಂತ ಸುಮಾರು ಒಂದೂಮುಕ್ಕಾಲು ಶತಮಾನ ಹಿಂದಿನ ಕೆಂಡದ ಒಲೆಯೊಂದರಿಂದ ಆರಂಭಿಸಲು ಬಯಸುತ್ತದೆ. ಭೌತವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಹೆಸರಿಲ್ಲದವರು ಕಂಡ ಸಂಗತಿ ಹೆಸರುಳ್ಳವರ ಗ್ರಂಥವನ್ನು ಹೇಗೆ ಸೇರುತ್ತದೆ ಎಂಬ ಪ್ರಶ್ನೆ ಜಾನಪದದ ವಿದ್ಯಾರ್ಥಿಗೆ ಹೊಸದೇನೂ ಅಲ್ಲ.

1707ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಸೈನ್ಯದ ವೈದ್ಯನೊಬ್ಬ ಹೇಳಿದನೆನ್ನಲಾದ ಸುದ್ದಿಯೊಂದಿದೆ. 1703ರಲ್ಲಿ ಡಚ್ಚರು ಸಿಂಹಳದಿಂದ ಒಂದು ಬಗೆಯ ಕಲ್ಲನ್ನು ತಂದರು; ಉರಿಯುವ ಕೆಂಡದ ಮೇಲೆ ಇಟ್ಟರೆ ಅದು ಬೂದಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ, ಆಮೇಲೆ ದೂರ ತಳ್ಳುತ್ತದೆ; ಆದ್ದರಿಂದ ಡಚ್ಚರು ಅದನ್ನು 'ಆಶೆನ್‌ಟ್ರೆಕ್ಕರ್', ಎಂದರೆ ಬೂದಿಯೆಳೆಯುವ ಕಲ್ಲು, ಎಂದು ಕರೆದರು. ಅದೇ ಟೂರ್ಮಲಿನ್. ಆ ಹೆಸರು ಸಿಂಹಳದ 'ತೋರಮಲ್ಲಿ' ಎಂಬ ಪದದಿಂದ ಬಂದುದು. ಅಲ್ಲಿನ ರತ್ನ ವ್ಯಾಪಾರಿಗಳು ಬಗೆಬಗೆಯ ಬಣ್ಣದ ಕಲ್ಲುಗಳಿಗೆ ಒಟ್ಟಾಗಿ ಬಳಸುತ್ತಿದ್ದ ಮಾತು ಅದು. ಒಂದು ಚೀಲದ ಕಲಬೆರಕೆ ಕಲ್ಲುಗಳಿಗಿದ್ದ ಹೆಸರು ಹಡಗು ಹತ್ತಿ ಹೋಗಿ ಒಂದೇ ಖನಿಜಕ್ಕೆ ಅಂಟಿಕೊಂಡಿತು.

ಈ ಕಲ್ಲಿನ ಬಗ್ಗೆ ನಂತರದ ರತ್ನಗ್ರಂಥಗಳಲ್ಲಿ ಒಂದು ಕಥೆಯೂ ಹುಟ್ಟಿಕೊಂಡಿದೆ. ಬಿಸಿಲಿನ ದಿನ ಹಾಲೆಂಡಿನ ಮಕ್ಕಳು ಇಂಥ ಕಲ್ಲುಗಳೊಡನೆ ಆಡುತ್ತಿದ್ದಾಗ ಅವು ಹುಲ್ಲನ್ನೂ ಬೂದಿಯನ್ನೂ ಎಳೆಯುವುದನ್ನು ಕಂಡು ಹಿರಿಯರನ್ನು ಕರೆದರಂತೆ. ಹಿರಿಯರಿಗೆ ಏನೂ ತೋಚಲಿಲ್ಲವಂತೆ. ಮಕ್ಕಳು ಕಾಣುವುದು, ಬಲ್ಲವರು ಬೆರಗಾಗುವುದು ಜನಪದ ಕಥೆಗಳಲ್ಲಿ ಚಿರಪರಿಚಿತವಾದ ಆಶಯ. ಗಮನಿಸಬೇಕಾದುದು ಬೇರೆ: ಈ ಕಥೆಯಲ್ಲಿ ಸಿಂಹಳದವರು ಇಲ್ಲವೇ ಇಲ್ಲ. ಹೊಳೆಯ ಜಲ್ಲಿಯಿಂದ ಕಲ್ಲನ್ನು ಜಾಲಾಡಿ ತೆಗೆದವನಾಗಲಿ, ಅದನ್ನು ಉಜ್ಜಿ ಮೆರುಗು ಕೊಟ್ಟವನಾಗಲಿ ಕಥೆಯೊಳಕ್ಕೆ ಬಂದಿಲ್ಲ. ಬರಹದಲ್ಲಿ ಉಳಿದಿರುವ ಅವರ ಪಾಲು ಒಂದು ಪದ ಮಾತ್ರ.

ಹೀಗೆಂದ ಮಾತ್ರಕ್ಕೆ ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂಬ ಸುಲಭದ ವಾದಕ್ಕೆ ನಾನು ಹೊರಟಿಲ್ಲ. ಹುಲ್ಲನ್ನು ಎಳೆಯುವ ಮಣಿಯನ್ನು ಸಂಸ್ಕೃತದಲ್ಲಿ ತೃಣಮಣಿ ಎಂದರು. ವೈಶೇಷಿಕ ಸೂತ್ರವು ಸೂಜಿ ಅಯಸ್ಕಾಂತದತ್ತ ಸರಿಯುವುದನ್ನು 'ಅದೃಷ್ಟ'ದ, ಅಂದರೆ ಕಾಣದ ಕಾರಣದ, ಫಲವೆಂದಿತು. ಕಂಡದ್ದು ನಿಜ, ಕಾರಣ ಕಾಣಲಿಲ್ಲ ಎಂದು ಒಪ್ಪಿಕೊಂಡದ್ದೂ ನಿಜ. ಟೂರ್ಮಲಿನ್ನಿನ ವಿಷಯದಲ್ಲಿ ಕಾರಣದತ್ತ ಹೆಜ್ಜೆಯಿಟ್ಟವನು ಲಿನೇಯಸ್. ಆತ 1747ರಲ್ಲಿ ಅದನ್ನು ವಿದ್ಯುತ್ ಕಲ್ಲು ಎಂದು ಕರೆದನು. 1756ರಲ್ಲಿ ಏಪಿನಸ್, ಕಾಯಿಸಿದ ಹರಳಿನ ಎರಡು ತುದಿಗಳಲ್ಲಿ ಪರಸ್ಪರ ವಿರುದ್ಧ ವಿದ್ಯುದಂಶಗಳು ಮೂಡುತ್ತವೆಂದು ತೋರಿಸಿದನು. ಬೂದಿಯ ಕಣ ಮೊದಲು ಅಂಟಿಕೊಂಡು, ಕಲ್ಲಿನದೇ ವಿದ್ಯುದಂಶವನ್ನು ಪಡೆದ ಮೇಲೆ ಸಿಡಿದು ದೂರವಾಗುವುದೇಕೆ ಎಂಬುದು ಆಗ ಬಿಡಿಸಿತು.

1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಶಾಖದ ಬದಲು ಒತ್ತಡವನ್ನು ಪ್ರಯೋಗಿಸಿದರು. ಪೀಜೋ ವಿದ್ಯುತ್ತು ಎಂದು ಇಂದು ಕರೆಯುವ ಗುಣ ಪ್ರಕಟವಾಯಿತು. ಅವರು ಪರೀಕ್ಷಿಸಿದ ಪದಾರ್ಥಗಳ ಪಟ್ಟಿಯೇ ಸ್ವಾರಸ್ಯಕರ: ಟೂರ್ಮಲಿನ್, ನಮ್ಮ ಹೊಲಗದ್ದೆಗಳಲ್ಲಿ ಬೆಣಚುಕಲ್ಲೆಂದು ಸಿಗುವ ಸ್ಫಟಿಕ, ಪುಷ್ಯರಾಗ, ಕಬ್ಬಿನ ಸಕ್ಕರೆ, ರೋಶೆಲ್ ಉಪ್ಪು. ಕೊನೆಯದು ಫ್ರಾನ್ಸಿನ ಲಾ ರೋಶೆಲ್ ಪಟ್ಟಣದ ಔಷಧ ವ್ಯಾಪಾರಿ ಕುಟುಂಬವೊಂದು 17ನೆಯ ಶತಮಾನದಲ್ಲಿ ತಯಾರಿಸಿ ಭೇದಿಗೆ ಮಾರುತ್ತಿದ್ದ ಉಪ್ಪು. ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲದ ಲವಣ. ಈ ಭೇದಿಯ ಉಪ್ಪಿನ ಹರಳೇ ಮುಂದೆ ಗ್ರಾಮಫೋನಿನ ಮುಳ್ಳಿನ ಕಂಪನವನ್ನು, ಮೈಕಿನೆದುರಿನ ದನಿಯನ್ನು ವಿದ್ಯುತ್ತಾಗಿ ಪರಿವರ್ತಿಸಿತು. ತೇವವನ್ನು ಮಾತ್ರ ಅದು ತಾಳದು. ಮಳೆಸೀಮೆಯ ಹವೆಗೆ ಕರಗುವ ಜಾತಿ.

ಮುಂದಿನ ಪ್ರಗತಿ ಬಹುಮಟ್ಟಿಗೆ ಯುದ್ಧದ ಕೂಸು. 1917ರಲ್ಲಿ ಲಾಂಜೆವಿನ್ ಉಕ್ಕಿನ ಫಲಕಗಳ ನಡುವೆ ಸ್ಫಟಿಕವನ್ನಿರಿಸಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಾಧನವನ್ನು ರೂಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ನೀರೊಳಗಿನ ಸ್ಫೋಟದ ಒತ್ತಡವನ್ನು ಅಳೆಯಲು ಹಳೆಯ ಬೂದಿಗಲ್ಲೇ ಮತ್ತೆ ಬಂದಿತು. ಅದೇ ಕಾಲದಲ್ಲಿ ಅಮೆರಿಕ, ರಷ್ಯಾ, ಜಪಾನ್‌ಗಳಲ್ಲಿ ಪ್ರತ್ಯೇಕವಾಗಿ ಬೇರಿಯಮ್ ಟೈಟನೇಟಿನ ಗುಣ ಬೆಳಕಿಗೆ ಬಂದಿತು. ಇದು ನೆಲದಿಂದ ಅಗೆದ ಹರಳಲ್ಲ. ಪುಡಿಯನ್ನು ಅಚ್ಚಿಗೊತ್ತಿ ಸುಟ್ಟು, ಪ್ರಬಲ ವಿದ್ಯುತ್ ಕ್ಷೇತ್ರದಿಂದ ಒಂದೇ ದಿಕ್ಕಿಗೆ ತಿರುಗಿಸಿದ ಪಿಂಗಾಣಿ. ರತ್ನಪಡಿಯವನ ಕೈಯಿಂದ ವಿದ್ಯೆ ಕುಂಬಾರನ ಆವಿಗೆಗೆ ದಾಟಿತೆನ್ನಬಹುದು. 1954ರಲ್ಲಿ ಅಮೆರಿಕದ ಜಾಫೆ ಮತ್ತು ಸಂಗಡಿಗರು ವಿವರಿಸಿದ ಸೀಸ-ಜಿರ್ಕೋನಿಯಮ್-ಟೈಟನಿಯಮ್ ಪಿಂಗಾಣಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಆದರೆ ಅದರ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ವಿಷಕಾರಿಯಾದ ಸೀಸ. 2003ರಲ್ಲಿ ಯುರೋಪು ವಿದ್ಯುತ್ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿದಾಗಲೂ, ಸರಿಸಮನಾದ ಬದಲಿ ಇಲ್ಲವೆಂಬ ಕಾರಣಕ್ಕೆ ಈ ಪಿಂಗಾಣಿಗೆ ವಿನಾಯಿತಿ ಕೊಡಬೇಕಾಯಿತು. ಜಪಾನಿನ ಫುಕಾಡಾ 1955ರಲ್ಲಿ ಮರದಲ್ಲಿಯೂ, 1957ರಲ್ಲಿ ಯಸೂಡಾ ಜೊತೆಗೂಡಿ ಮೂಳೆಯಲ್ಲಿಯೂ ಈ ಗುಣವನ್ನು ತೋರಿಸಿದರು. 1969ರಲ್ಲಿ ಕವಾಯ್ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಕಂಡರು.

ನಡಿಗೆ, ಗಾಳಿ, ಯಂತ್ರದ ನಡುಕ ಇವುಗಳಿಂದ ವಿದ್ಯುತ್ತನ್ನು ಪಡೆಯುವ ಸಂಶೋಧನೆ ಇದೇ ಪರಂಪರೆಯ ಇತ್ತೀಚಿನ ಕವಲು. 2006ರಲ್ಲಿ ವಾಂಗ್ ಮತ್ತು ಸಾಂಗ್ ಸತುವಿನ ಆಕ್ಸೈಡಿನ ಅತಿಸೂಕ್ಷ್ಮ ತಂತಿಗಳನ್ನು ಬಾಗಿಸಿ ವಿದ್ಯುತ್ತು ಪಡೆದರು. ಅದೇ ವರ್ಷ ಟೋಕಿಯೋ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ತುಳಿತದಿಂದ ವಿದ್ಯುತ್ತು ಪಡೆಯುವ ಪ್ರಯೋಗವೂ ನಡೆಯಿತು. ಇಂಗ್ಲಿಷಿನವರು ಇದನ್ನು ಶಕ್ತಿಯ ಕೊಯ್ಲು ಎನ್ನುತ್ತಾರೆ. ಈ ಹೆಸರು ನನಗೆ ಒಪ್ಪಿತವಲ್ಲ. ಕೊಯ್ಲೆಂದರೆ ಬಿತ್ತಿದವನ ಕಣ ತುಂಬುವುದು. ಇಲ್ಲಿ ದೊರೆಯುವುದು ಹೆಚ್ಚಿನ ಪಾಲು ಮಿಲಿವ್ಯಾಟು, ಮೈಕ್ರೋವ್ಯಾಟುಗಳ ಲೆಕ್ಕ. ಸೇತುವೆಯ ಬಿರುಕನ್ನು ಕಾಯುವ ಸಂವೇದಕಕ್ಕೋ, ಬ್ಯಾಟರಿ ಬದಲಿಸಲಾಗದ ಕಡೆ ಕೂತ ಸಾಧನಕ್ಕೋ ಅಷ್ಟು ಸಾಕು. ಊರಿನ ದೀಪಗಳಿಗೆ ಸಾಲದು. ಪೈರು ಕೊಯ್ದು ಸಾಗಿಸಿದ ಮೇಲೆ ಹೊಲದಲ್ಲಿ ಉದುರಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದಕ್ಕೆ ನಮ್ಮಲ್ಲಿ ಹಕ್ಕಲು ಎಂಬ ಮಾತಿದೆ. ಪಾರಿಭಾಷಿಕ ಪದಕೋಶವನ್ನು ಸಿದ್ಧಪಡಿಸುವವರು 'ಶಕ್ತಿ ಕೊಯ್ಲು' ಎಂದು ಬರೆಯುವ ಮುನ್ನ ಹಕ್ಕಲನ್ನು ಒಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ.