ಇಲಿ ಬಿದ್ದ ಊರು

ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗಳ ಜನ 'ಇಲಿ ಬಿತ್ತು' ಎಂಬ ಮಾತನ್ನು ಕೇಳಿದೊಡನೆಯೇ ಊರು ಬಿಡುತ್ತಿದ್ದರು. ಹಟ್ಟ ಹಗಲಿನಲ್ಲಿ ಅಟ್ಟದ ಜಂತೆಯಿಂದ ತೂರಾಡುತ್ತ ಬಂದ ಇಲಿಯೊಂದು ನಡುಮನೆಗೆ ಬಿದ್ದು ಒದ್ದಾಡಿ ಸತ್ತಿತೆಂದರೆ, ಮನೆಯವರಾರಿಗೂ ಜ್ವರ ಬರುವುದಕ್ಕೆ ಮುನ್ನವೇ, ಕಂಕುಳಲ್ಲಾಗಲಿ ತೊಡೆಯ ಸಂದಿನಲ್ಲಾಗಲಿ ಗಡ್ಡೆ ಏಳುವುದಕ್ಕೆ ಮುನ್ನವೇ, ಪಾತ್ರೆ ಪಡಗ, ದನಕರು, ದವಸಗಳೊಡನೆ ಇಡೀ ಸಂಸಾರ ಊರ ಹೊರಗಿನ ಹೊಲಕ್ಕೆ ಹೊರಟು, ತೆಂಗಿನ ಗರಿ, ಜೋಳದ ದಂಟು, ಬಿದಿರ ತಡಿಕೆ ಮೊದಲಾಗಿ ದೊರೆತುದರಿಂದ ಗುಡಿಸಲು ಕಟ್ಟಿಕೊಂಡು, ಮಾರಿ ಇಳಿಯಿತೆಂಬ ನಂಬಿಕೆ ಮೂಡುವವರೆಗೆ ವಾರಗಟ್ಟಲೆ ಅಲ್ಲಿಯೇ ಇರುತ್ತಿತ್ತು.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಈ ರೋಗ ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರೂ, ಅದು ಮನುಷ್ಯನ ಮೈಯನ್ನು ಹೊಗುವ ಮಾರ್ಗ ಯಾವುದೆಂಬುದು ವಿದ್ವಾಂಸರಿಗೂ ವಿಶದವಾಗಿರಲಿಲ್ಲ. ಕೆಲವರು ಮಣ್ಣನ್ನು, ಕೆಲವರು ಕೊಳೆಯನ್ನು, ಮತ್ತೆ ಕೆಲವರು ರೋಗಿಯ ವಸ್ತ್ರಗಳನ್ನು ಶಂಕಿಸಿ ಕಾರ್ಬಾಲಿಕ್ ಆಮ್ಲದಿಂದ ಮನೆಗಳನ್ನು ತೊಳೆಯಿಸಿದರು. ಇಲಿಯ ಮೈಯ ಚಿಗಟವೇ ಇದರ ವಾಹಕವೆಂದು ಪಾಲ್ ಲೂಯಿ ಸಿಮೊಂ ಎಂಬ ವಿಜ್ಞಾನಿ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದಾಗ ಆತನ ಮಾತನ್ನು ಮನ್ನಿಸಿದವರು ವಿರಳ. 1905ರಲ್ಲಿ ಆರಂಭವಾದ ಪ್ಲೇಗು ಸಂಶೋಧನೆಯ ಆಯೋಗವು ಮುಂಬಯಿಯ ಪರೇಲಿನಲ್ಲಿ ಗಿನಿಯಿಲಿಗಳ ಮೇಲೆ ಪರೀಕ್ಷಿಸಿ ಅದನ್ನು ಸ್ಥಾಪಿಸುವವರೆಗೂ ಸಂದೇಹ ತೊಲಗಲಿಲ್ಲ. ಇಲಿ ಸತ್ತು ಅದರ ಒಡಲು ತಣ್ಣಗಾದೊಡನೆ ಚಿಗಟ ಬೆಚ್ಚನೆಯ ಮತ್ತೊಂದು ಮೈಯನ್ನು ಅರಸುತ್ತದೆ. ಈ ಕಾರ್ಯಕಾರಣವನ್ನು ಅರಿಯದ ರೈತ, ಅದು ಅರಸಿ ಬರುವ ಹೊತ್ತಿಗೆ ತಾನು ಆ ಮನೆಯಲ್ಲಿರಬಾರದೆಂಬಷ್ಟನ್ನು ಅನುಭವದಿಂದ ಕಂಡುಕೊಂಡಿದ್ದನು.

ಪ್ರಮಾಣ ದೊರೆಯುವವರೆಗೆ ಕೈಕಟ್ಟಿ ಕುಳಿತಿರದೆ, ಆಪತ್ತಿನ ಸೂಚನೆಯೊಂದನ್ನೇ ನೆಚ್ಚಿ ನಡೆದುಕೊಳ್ಳುವ ಈ ವಿವೇಕವನ್ನು ಇಂದು ಮುನ್ನೆಚ್ಚರಿಕೆಯ ತತ್ತ್ವವೆನ್ನುತ್ತಾರೆ. ಪರಿಸರಕ್ಕೆ ಗಂಭೀರವಾದ ಹಾನಿ ಒದಗುವ ಭೀತಿಯಿರುವಲ್ಲಿ ವೈಜ್ಞಾನಿಕ ನಿಶ್ಚಯದ ಕೊರತೆ ವಿಳಂಬಕ್ಕೆ ನೆಪವಾಗಕೂಡದೆಂದು 1992ರ ರಿಯೊ ಘೋಷಣೆ ಸಾರಿತು. ಚರ್ಮ ಹದಮಾಡುವ ಕಾರ್ಖಾನೆಗಳ ಕಲ್ಮಷದ ವಿಚಾರವಾಗಿ ವೆಲ್ಲೂರಿನ ನಾಗರಿಕರು ತಂದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಇದನ್ನು ಈ ನೆಲದ ಕಾನೂನಿನ ಅಂಗವೆಂದು ಅಂಗೀಕರಿಸಿತು.

ಆದರೆ ಪ್ಲೇಗಿನ ವರ್ಷಗಳಲ್ಲಿ ಮುನ್ನೆಚ್ಚರಿಕೆಯನ್ನು ಕೈಗೊಂಡವರು ಹಳ್ಳಿಗರು ಮಾತ್ರವೇ ಅಲ್ಲ. ಸರ್ಕಾರವೂ ನಿಶ್ಚಯಕ್ಕೆ ಕಾಯದೆ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿತು. ಅದರ ಬಲದಿಂದ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ, ದೇವರ ಕೋಣೆಯನ್ನೂ ಅಂತಃಪುರವನ್ನೂ ಬಿಡದೆ ಶೋಧಿಸಿದುದರಿಂದ ಜನ ಕುಪಿತರಾದರು. ಆ ವರ್ಷದ ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ಬಲಾತ್ಕಾರಕ್ಕೆ ಅಂಜಿದವರು ರೋಗಿಗಳನ್ನು ಮುಚ್ಚಿಡುವುದೂ, ಹೆಣಗಳನ್ನು ಗುಟ್ಟಾಗಿ ಸಾಗಿಸುವುದೂ ಉಂಟಾಯಿತು. ರೋಗವನ್ನು ತಡೆಯಲೆಂದು ಹೊರಟ ಕ್ರಮವೇ ರೋಗವನ್ನು ಮರೆಸುವುದಕ್ಕೆ ಕಾರಣವಾಯಿತೆಂಬುದನ್ನು ನೆನೆದರೆ ಇಂದಿಗೂ ವ್ಯಥೆಯಾಗುತ್ತದೆ. ಅಜ್ಞಾನ ಎರಡೂ ಕಡೆಗೆ ಸಮಾನವಾಗಿತ್ತು. ಹಳ್ಳಿಯವನು ತನ್ನವರ ಒಡನೆ, ತನ್ನ ಇಚ್ಛೆಯಿಂದ ಮನೆ ಬಿಟ್ಟನು. ಪುಣೆಯವನನ್ನು ಅನ್ಯರು ಎಳೆದೊಯ್ದರು. ನನ್ನ ದೃಷ್ಟಿಯಲ್ಲಿ ಈ ಎರಡರ ತಾರತಮ್ಯವಿರುವುದು ಇಲ್ಲಿಯೇ.

ಹಾಗೆಂದು ಊರು ಬಿಡುವ ಹಳ್ಳಿಗರ ಪದ್ಧತಿ ನಿರ್ದುಷ್ಟವಾಗಿತ್ತೆನ್ನಲಾಗದು. ದವಸದ ಚೀಲಗಳಲ್ಲಿಯೂ ಬಟ್ಟೆಯ ಗಂಟುಗಳಲ್ಲಿಯೂ ಅಡಗಿದ ಚಿಗಟಗಳು ನೆಂಟರ ಊರಿಗೆ ಪ್ರಯಾಣ ಮಾಡಬಲ್ಲವಾಗಿದ್ದವು. ಓಡಿದವನು ಓಡಿದೆಡೆಗೆ ಮಾರಿಯನ್ನು ಹೊತ್ತೊಯ್ಯುವ ಅಪಾಯವಿತ್ತು. ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಎದ್ದವು. ಆದರೆ ಅಲ್ಲಿ ನಿವೇಶನ ಕೊಂಡು ಮನೆ ಕಟ್ಟುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಹಳ್ಳಿಯಲ್ಲಿಯೂ ಸ್ವಂತ ಹೊಲವಿದ್ದವನಿಗೆ ಗುಡಿಸಲಿನ ಚಿಂತೆಯಿಲ್ಲ. ಅಂದಂದಿನ ಕೂಲಿಯನ್ನು ನೆಚ್ಚಿದವನಾದರೋ ಅನ್ಯರ ನೆಲದಂಚಿನಲ್ಲಿ ಜಾಗ ಬೇಡಬೇಕಾಗಿತ್ತು, ಇಲ್ಲವೇ ಇಲಿ ಬಿದ್ದ ಮನೆಯಲ್ಲಿಯೇ ಉಳಿಯಬೇಕಾಗಿತ್ತು.