ಬ್ಯಾಟರಿ ಹೇಳಿದ ಅಳತೆ

ಟ್ಯಾಂಕ್ ಮಾಡೆಲ್ ಕಟ್ಟೋರು ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಒಂದು ಬೋಲ್ಟು ಕಮ್ಮಿಯಾದರೂ ಜಗಳ! ಆದರೆ ನಾವೆಲ್ಲ ನೆಚ್ಚಿಕೊಂಡಿರೋ 1/35 ಅನ್ನೋ ಅಳತೆ ಹುಟ್ಟಿದ್ದು ಹೇಗೆ ಗೊತ್ತಾ?

ಜಪಾನಿನ ಶಿಜುವೊಕಾದ ಟಾಮಿಯಾ ಕಂಪನಿ ಮೊದಲು ಮರದ ಮಾಡೆಲ್ ಮಾಡ್ತಿತ್ತು. 1960ರಲ್ಲಿ ಪ್ಲಾಸ್ಟಿಕ್ಕಿಗಿಳಿದು, ಯಮಾಟೊ ಹಡಗಿನಲ್ಲಿ ಕೈ ಸುಟ್ಟುಕೊಂಡಿತು. ಆಮೇಲೆ ತಂದದ್ದು ಮೋಟಾರಿನಿಂದ ಓಡೋ ಜರ್ಮನ್ ಪ್ಯಾಂಥರ್ ಟ್ಯಾಂಕು. ಒಳಗೆ ಎರಡು ಬ್ಯಾಟರಿ ಹಿಡಿಸಬೇಕಲ್ಲ, ಅದಕ್ಕೆ ತಕ್ಕಷ್ಟು ಗಾತ್ರ, ಅಷ್ಟೇ. ಚೆನ್ನಾಗಿ ಖರ್ಚಾಯ್ತು. ಉಳಿದ ಟ್ಯಾಂಕುಗಳನ್ನೂ ಇದೇ ಗಾತ್ರದಲ್ಲಿ ಮಾಡೋಣ ಅಂತ ಶುನ್ಸಾಕು ಟಾಮಿಯಾ ಅಳೆದು ನೋಡಿದರೆ ಸುಮಾರು 1/35!

ಅಳತೆಯಂತೂ ಆಕಸ್ಮಿಕ. ಬಣ್ಣದಲ್ಲಾದರೂ ಇತಿಹಾಸ ನೆಟ್ಟಗಿರಲಿ ಅನ್ನೋದು ನನ್ನ ಹಟ. ಗೆಳೆಯರೆಲ್ಲ ಸೇರಿ ಕೂತಾಗ ಪ್ಯಾಂಥರಿಗೆ ಮೈತುಂಬ ತುಕ್ಕು ಬಳೀತಾರೆ. ನೋಡೋಕೆ ಚೆಂದವೇ, ಸುಳ್ಳು ಹೇಳಬಾರದು. ಆದರೆ 1943ರ ಜುಲೈನಲ್ಲಿ ಕುರ್ಸ್ಕ್ ಯುದ್ಧಕ್ಕಿಳಿದ ಸುಮಾರು 200 ಪ್ಯಾಂಥರುಗಳು ಹೊಚ್ಚ ಹೊಸವು. ಎಷ್ಟೋ ದಾರಿಯಲ್ಲೇ ಕೆಟ್ಟು ನಿಂತವು, ಎಷ್ಟೋ ಉರಿದುಹೋದವು. ಒಂದೊಂದರೊಳಗೆ ಐದೈದು ಜನ. ಮೈತುಂಬ ತುಕ್ಕು ಹಿಡಿಯೋಷ್ಟು ಆಯುಸ್ಸು ಎಲ್ಲಿತ್ತು ಮಾರಾಯ್ರೆ?

ಹಾಗಾಗಿ ಈ ಸಲ ನನ್ನದಕ್ಕೆ ಬರೀ ಧೂಳು. ಸೈಲೆನ್ಸರಿಗೆ ಮಾತ್ರ ಒಂಚೂರು ತುಕ್ಕು. ಬಿಸಿಗೆ ಅದು ಬೇಗ ಹಿಡಿಯುತ್ತೆ. ನೀವೇನಂತೀರಿ?